ಪ್ರಮಾಣಪತ್ರ ಸಿಕ್ಕಿತು, ಪುಟ ಸಿಗಲಿಲ್ಲ

ಅರ್ಜಿಯಲ್ಲಿ ‘ಉದ್ದೇಶ’ ಎಂಬ ಸಾಲಿತ್ತು. ಪಾಸ್‌ಪೋರ್ಟ್, ಮದುವೆ, ಶಾಲೆ ಎಂದು ಮೊದಲೇ ಅಚ್ಚಾಗಿದ್ದ ಮೂರು ಪದಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ನಾನು ಮೂರನ್ನೂ ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ‘ನನ್ನ ಅಜ್ಜಿಗೆ ಆ ಹೆಸರು ಎಲ್ಲಿಂದ ಬಂತೆಂದು ತಿಳಿಯಲು’ ಎಂದು ಬರೆದೆ. ಇಗರ್ಜಿಯ ಕಚೇರಿಯಲ್ಲಿದ್ದವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅಜ್ಜಿಯ ಸರ್ಟಿಫಿಕೇಟ್ ಬೇಕೇ?”

“ಅವರದಲ್ಲ, ಅವರ ತಾಯಿಯದು. 1908ರಲ್ಲಿ ಹುಟ್ಟಿದವರು. ಅವರ ಜ್ಞಾನಸ್ನಾನ ಇದೇ ಇಗರ್ಜಿಯಲ್ಲಿ ಆಗಿದೆ.”

“ತೀರಿಕೊಂಡವರಿಗೆ ಸರ್ಟಿಫಿಕೇಟ್ ಯಾಕೆ?”

ಅವರು ಕೇಳಿದ್ದರಲ್ಲಿ ಒರಟುತನವಿರಲಿಲ್ಲ. ಅಂಥ ಅರ್ಜಿ ಅವರ ಮೇಜಿಗೆ ಬಂದದ್ದು ಕಡಿಮೆ, ಅಷ್ಟೇ. ಆದರೆ ಕರಾವಳಿಯಲ್ಲಿ ತಮ್ಮ ಹಿರಿಯರನ್ನು ಹುಡುಕಿಕೊಂಡು ಹೊರಡುವ ಕ್ರೈಸ್ತ ಕುಟುಂಬದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ.

ನನ್ನ ಪ್ರಶ್ನೆ ಸಣ್ಣದು. ನಮ್ಮ ಮನೆತನದಲ್ಲಿ ಹಿರಿಯ ಮಗಳಿಗೆ ಅಪ್ಪನ ತಾಯಿಯ ಹೆಸರು, ಎರಡನೆಯವಳಿಗೆ ಅಮ್ಮನ ತಾಯಿಯ ಹೆಸರು ಇಡುವುದು ರೂಢಿ. ಅಜ್ಜಿ ಹಿರಿಯ ಮಗಳು. ಆದರೂ ಅವರಿಗೆ ಈ ಎರಡೂ ಹೆಸರು ಬಂದಿರಲಿಲ್ಲ. ಎರಡೂ ಕಡೆಯ ನೆಂಟರಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಆ ಹೆಸರಿನ ಸಂತಳ ಹಬ್ಬದ ದಿನ ಹುಟ್ಟಿರಬೇಕು ಎಂದು ದೊಡ್ಡಮ್ಮ ಹೇಳುತ್ತಿದ್ದರು. ನೋಡಿದರೆ ಹಬ್ಬಕ್ಕೂ ಹುಟ್ಟಿದ ದಿನಕ್ಕೂ ನಾಲ್ಕು ತಿಂಗಳ ಅಂತರ. ಅಜ್ಜಿ ಇದ್ದಾಗ ನಾನು ಕೇಳಲಿಲ್ಲ. ಈಗ ಕೇಳಬಹುದಾದದ್ದು ಇಗರ್ಜಿಯ ಕಪಾಟಿನಲ್ಲಿದ್ದ ಜ್ಞಾನಸ್ನಾನದ ಪುಸ್ತಕವನ್ನು ಮಾತ್ರ.

ಎರಡು ವಾರದ ಮೇಲೆ ಪ್ರಮಾಣಪತ್ರ ಬಂತು. ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ನೀಡಿದ ಧರ್ಮಗುರು. ಏಳು ಸಾಲು, ಒಂದು ಮೊಹರು. ಅದರಲ್ಲಿ ಹೆಚ್ಚಿನದು ನನಗೆ ಗೊತ್ತಿದ್ದದ್ದೇ. ಪ್ರಮಾಣಪತ್ರದ ಕೆಲಸವೇ ಹಾಗೆ: ಮುದ್ರಿತ ಕಲಮುಗಳಿಗೆ ಹೊಂದುವಷ್ಟನ್ನು ಪುಸ್ತಕದಿಂದ ಎತ್ತಿಕೊಳ್ಳುತ್ತದೆ, ಉಳಿದದ್ದನ್ನು ಕಪಾಟಿನಲ್ಲೇ ಬಿಡುತ್ತದೆ. ಕುಟುಂಬದ ಚರಿತ್ರೆ ಹುಡುಕುವವನಿಗೆ ಬೇಕಾದದ್ದು ಆ ಉಳಿದದ್ದು. ಅಂಚಿನ ಟಿಪ್ಪಣಿ, ಹೊಡೆದು ಹಾಕಿದ ಪದ, ಬದಲಾದ ಶಾಯಿ, ಹಿಂದುಮುಂದಿನ ನಮೂದುಗಳು. ನಾನು ಪುಟ ಕೇಳಲು ಹೋಗಿದ್ದೆ, ನನಗೆ ಪ್ರಮಾಣಪತ್ರ ಕೊಟ್ಟರು. ಅಂದಿನಿಂದ ಈ ಎರಡರ ನಡುವಿನ ದೂರವೇ ನನ್ನ ತಲೆಯಲ್ಲಿ ಕೂತಿದೆ.

ಈ ಪುಸ್ತಕಗಳು ಹುಟ್ಟಿದ್ದು ವಂಶವೃಕ್ಷ ಬರೆಯುವವರಿಗಾಗಿ ಅಲ್ಲ. 1563ರಲ್ಲಿ ಕ್ಯಾಥೊಲಿಕ್ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ಪ್ರತಿಯೊಬ್ಬ ಧರ್ಮಗುರುವೂ ಮದುವೆಗಳನ್ನು ಬರೆದಿಡಬೇಕೆಂದು ವಿಧಿಸಿತು. ಜ್ಞಾನಸ್ನಾನದ ಪುಸ್ತಕವೂ ಬೇಕೆಂದಿತು. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವುದನ್ನು ತಡೆಯುವುದು ಒಂದು ಕಾರಣ. ಯಾರು ಯಾರಿಗೆ ಎಷ್ಟನೆಯ ತಲೆಮಾರಿನ ಸಂಬಂಧಿ ಎಂದು ತಿಳಿದು, ಮದುವೆಗೆ ಅಡ್ಡಿಯಿದೆಯೇ ಎಂದು ನೋಡುವುದು ಇನ್ನೊಂದು. 1614ರ ರೋಮನ್ ವಿಧಿಗ್ರಂಥ ಇದನ್ನು ಐದು ಪುಸ್ತಕಗಳಿಗೆ ಬೆಳೆಸಿತು: ಜ್ಞಾನಸ್ನಾನ, ದೃಢೀಕರಣ, ಮದುವೆ, ಮರಣ, ಮತ್ತು ‘ಸ್ತಾತುಸ್ ಅನಿಮಾರುಂ’, ಅಂದರೆ ಮನೆಮನೆಯ ಆತ್ಮಗಳ ಲೆಕ್ಕ. ಸರ್ಕಾರಗಳು ಬಡವನ ಹುಟ್ಟುಸಾವನ್ನು ಬರೆಯಲು ಆರಂಭಿಸುವುದಕ್ಕೆ ಎಷ್ಟೋ ಮೊದಲೇ ಒಬ್ಬ ಒಕ್ಕಲಿನ ಮಗಳ ಹೆಸರು ಪುಸ್ತಕಕ್ಕೆ ಹತ್ತಿತು. ಜಮೀನಿನ ಪತ್ರದಲ್ಲಿ ಹೆಂಗಸಿನ ಹೆಸರು ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಈ ಪುಟಗಳಲ್ಲಿ ಪ್ರತಿ ಮಗುವಿನ ತಾಯಿಯ ಹೆಸರಿದೆ. ನನಗೆ ಈ ಪುಸ್ತಕಗಳ ಮೇಲೆ ಇರುವ ಪ್ರೀತಿಗೆ ಅದೊಂದೇ ಕಾರಣ ಸಾಕು.

ಆದರೆ ನಮ್ಮ ಕಡೆ ಟ್ರೆಂಟ್‌ವರೆಗೆ ಹಿಂದೆ ಹೋಗಲು ಆಗುವುದಿಲ್ಲ. ಮಂಗಳೂರಿನ ಬೋಳಾರದಲ್ಲಿ ಪೋರ್ಚುಗೀಸರು 1568ರಲ್ಲೇ ರೊಜಾರಿಯೊ ಇಗರ್ಜಿ ಕಟ್ಟಿದರು. ಗೋವೆಯಿಂದ ಕೊಂಕಣಿ ಕ್ರೈಸ್ತ ಕುಟುಂಬಗಳು ಮುಂದಿನ ಎರಡು ಶತಮಾನ ಅಲೆಅಲೆಯಾಗಿ ತೆಂಕಣಕ್ಕೆ ಬಂದವು. ಆಮೇಲೆ 1784. ಮಂಗಳೂರಿನ ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಸೆರೆಯಾದವರು 30,000 ಎನ್ನುವವರಿಂದ 80,000 ಎನ್ನುವವರವರೆಗೆ ಇದ್ದಾರೆ. ಆ ಸಂಖ್ಯೆಯ ಮೇಲಿನ ವಾದ ಇಂದಿಗೂ ನಿಂತಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದರು. ಬಹುಪಾಲು ಇಗರ್ಜಿಗಳು ನೆಲಸಮವಾಗಿದ್ದವು. ಕಟ್ಟಡವೇ ಉಳಿಯದ ಕಡೆ ಕಪಾಟು ಉಳಿಯುವುದೆಲ್ಲಿ ಬಂತು? ಆದ್ದರಿಂದ ನಮ್ಮಲ್ಲಿ ಹೆಚ್ಚಿನವರ ಹುಡುಕಾಟ ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲೋ ಒಂದು ಕಡೆ ಗೋಡೆಗೆ ತಲೆ ತಾಗಿಸಿ ನಿಲ್ಲುತ್ತದೆ. ಆ ಗೋಡೆಯ ಆಚೆ ಇರುವುದು ಬಾಯಿಮಾತು: ನಾವು ಗೋವೆಯ ಇಂಥ ಹಳ್ಳಿಯವರು, ನಮ್ಮ ಹಳೆಯ ಅಡ್ಡಹೆಸರು ಪ್ರಭು, ಕಾಮತ್, ಶೆಣೈ.

ಈ ಹಳೆಯ ಅಡ್ಡಹೆಸರಿಗಾಗಿ ಮಾತ್ರ ಪುಸ್ತಕ ಕೆದಕುವವರೂ ಇದ್ದಾರೆ. ಮತ ಬದಲಾದ ಮೇಲೂ ಬಿಡದೆ ಬಂದ ಜಾತಿಯ ಹೆಮ್ಮೆಗೆ ಕಾಗದದ ಆಧಾರ ಹುಡುಕುವ ಆ ಕೆಲಸದ ಬಗ್ಗೆ ನನಗೆ ಗೌರವವಿಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಗೋವೆಯ ದಾಖಲೆಗಳ ಕಥೆಯೇ ಬೇರೆ. ಅಲ್ಲಿನ ಸರ್ಕಾರಿ ಪತ್ರಾಗಾರ 1595ರಲ್ಲಿ ಆರಂಭವಾದದ್ದು; ಇತಿಹಾಸಕಾರ ದಿಯೊಗೊ ದೊ ಕೌತೊ ಅದರ ಮೊದಲ ಪಾಲಕ. ಇಂದು ಅದು ಪಣಜಿಯಲ್ಲಿದೆ. ಮೂಲ ಹಳ್ಳಿಯ ಹೆಸರು ಖಚಿತವಾಗಿ ಗೊತ್ತಿದ್ದವರು ಅಲ್ಲಿಗೆ ಹೋಗಬಹುದು. ಗೊತ್ತಿಲ್ಲದವರು ಹೋಗಿ ಡಿಸೋಜ, ಪಿಂಟೊ, ಲೋಬೊಗಳ ಕಡಲಿನಲ್ಲಿ ಇಳಿದರೆ ದಡ ಸಿಗುವುದಿಲ್ಲ. ಮತಾಂತರದ ಹೊತ್ತಿಗೆ ಪಾದ್ರಿಯದೋ ಜ್ಞಾನತಂದೆಯದೋ ಅಡ್ಡಹೆಸರು ಕೊಡುವ ಪದ್ಧತಿಯಿದ್ದದ್ದರಿಂದ, ಒಂದೇ ಅಡ್ಡಹೆಸರಿನವರೆಲ್ಲ ಒಂದೇ ರಕ್ತದವರಲ್ಲ.

ಈಚೆಗೆ ಬಂದರೂ ದಾರಿ ನೇರವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆನರಾದ ಕ್ರೈಸ್ತರ ಮೇಲೆ ಗೋವೆಯ ಆರ್ಚ್‌ಬಿಷಪರ ಅಧಿಕಾರವೋ, ರೋಮ್ ನೇರವಾಗಿ ಕಳಿಸಿದ ಮಿಷನರಿಗಳ ಅಧಿಕಾರವೋ ಎಂಬ ಜಗಳ ದಶಕಗಳ ಕಾಲ ನಡೆಯಿತು. ಒಂದೇ ಊರಿನಲ್ಲಿ ಒಂದು ಮನೆಯವರು ಗೋವೆಯ ಪಕ್ಷ, ಪಕ್ಕದ ಮನೆಯವರು ರೋಮಿನ ಪಕ್ಷ. ಕಾರ್ಮೆಲೈಟ್ ಸಂನ್ಯಾಸಿಗಳು ಬಂದರು, 1878ರ ಕೊನೆಯ ದಿನ ಇಟಲಿಯ ಜೆಸ್ವಿಟ್ ಸಂಘದ ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. 1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ಒಪ್ಪಂದಕ್ಕೆ ಬಂದು ಇಲ್ಲಿ ಗೋವೆಯ ಅಧಿಕಾರ ಕೊನೆಗೊಂಡಾಗ, ಅದನ್ನು ಒಪ್ಪದ ಕುಟುಂಬಗಳು ಬ್ರಹ್ಮಾವರದ ಸುತ್ತ ಬೇರೆಯಾಗಿ ಮುಂದೆ ಆರ್ಥೊಡಾಕ್ಸ್ ಸಭೆಯನ್ನು ಸೇರಿದವು. ಹಾಗಾಗಿ ಕಲ್ಯಾಣಪುರದ ಕಡೆಯ ನಿಮ್ಮ ಮುತ್ತಜ್ಜನ ತಮ್ಮ 1887ರ ಸುಮಾರಿಗೆ ಕ್ಯಾಥೊಲಿಕ್ ಪುಸ್ತಕದಿಂದ ಇದ್ದಕ್ಕಿದ್ದಂತೆ ಮಾಯವಾದರೆ ಅವನು ಸತ್ತನೆಂದು ಬರೆದುಕೊಳ್ಳಬೇಡಿ. ಬ್ರಹ್ಮಾವರದಲ್ಲಿ ಒಮ್ಮೆ ವಿಚಾರಿಸಿ.

ಇನ್ನೊಂದು ತೊಡಕು ಇದಕ್ಕಿಂತ ಸಾಮಾನ್ಯವಾದದ್ದು. ದೊಡ್ಡ ಧರ್ಮಕೇಂದ್ರ ಒಡೆದು ಹೊಸದಾದಾಗ ಹಳೆಯ ಪುಸ್ತಕ ತಾಯಿ ಇಗರ್ಜಿಯಲ್ಲೇ ಉಳಿಯುತ್ತದೆ. ಅಜ್ಜ ಇದ್ದ ಮನೆ ಇಂದು ಯಾವ ಇಗರ್ಜಿಗೆ ಸೇರಿದೆ ಎಂಬುದಕ್ಕಿಂತ ಅವರು ಹುಟ್ಟಿದ ವರ್ಷ ಯಾವುದಕ್ಕೆ ಸೇರಿತ್ತು ಎಂಬುದು ಮುಖ್ಯ. ನಮ್ಮ ಕಡೆಯವರು ಕಾಫಿ ತೋಟಗಳಿಗೆಂದು ಘಟ್ಟ ಹತ್ತಿದವರೂ ಹೌದು. ಒಂದು ಮಗು ಊರಿನಲ್ಲಿ, ಮುಂದಿನದು ಚಿಕ್ಕಮಗಳೂರಿನ ಕಡೆ, ಮೂರನೆಯದು ಮತ್ತೆ ಊರಿನಲ್ಲಿ. ಚಿಕ್ಕಮಗಳೂರು 1963ರಲ್ಲಿ ಬೇರೆ ಧರ್ಮಪ್ರಾಂತ್ಯವಾಯಿತು, ಉಡುಪಿ 2012ರಲ್ಲಿ. ಹೀಗೆ ಒಂದೇ ಮನೆಯ ಮಕ್ಕಳ ಹೆಸರಿಗಾಗಿ ಮೂವರು ಬಿಷಪರ ವ್ಯಾಪ್ತಿಯಲ್ಲಿ ಅಲೆಯಬೇಕಾಗುತ್ತದೆ.

ಪುಟ ಸಿಕ್ಕಿದರೆ ಓದುವುದೂ ಒಂದು ವಿದ್ಯೆ. ಗೋವೆಯ ಪಾದ್ರಿಗಳ ಪುಟಗಳು ಸಾಮಾನ್ಯವಾಗಿ ಪೋರ್ಚುಗೀಸಿನಲ್ಲಿ, ಆಮೇಲಿನವು ಲ್ಯಾಟಿನ್‌ನಲ್ಲಿ. ಮನೆಯಲ್ಲಿ ಇನಾಸ್ ಆದವನು ಪುಸ್ತಕದಲ್ಲಿ ಇಗ್ನಾಸಿಯುಸ್; ಜುವಾಂವ್ ಆದವನು ಯೊವಾನ್ನೆಸ್. ತಿಂಗಳ ಜಾಗದಲ್ಲಿ 7 ಎಂದು ಬರೆದು ಪಕ್ಕದಲ್ಲಿ ‘ಬ್ರೆ’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ತೆಂ’ ಎಂದರೆ ಏಳು. ಸೆಪ್ಟೆಂಬರ್ ರೋಮನ್ನರ ಏಳನೆಯ ತಿಂಗಳಾಗಿತ್ತು. ಇದು ಗೊತ್ತಿಲ್ಲದೆ ಮಗುವನ್ನು ತಂದೆತಾಯಿಯ ಮದುವೆಗೆ ಮೊದಲೇ ಹುಟ್ಟಿಸಿ, ಇಲ್ಲದ ಅಪವಾದವನ್ನು ಮುತ್ತಜ್ಜಿಯ ತಲೆಗೆ ಕಟ್ಟಿದವರನ್ನು ನಾನು ಬಲ್ಲೆ. ಮದುವೆಯ ನಮೂದಿನಲ್ಲಿ ‘ರಕ್ತಸಂಬಂಧದ ನಾಲ್ಕನೆಯ ಹಂತದಲ್ಲಿ ವಿನಾಯಿತಿ ಪಡೆದು’ ಎಂಬ ಸಾಲು ಕಂಡರೆ ಅದು ನಿಧಿ. ವಧೂವರರಿಬ್ಬರಿಗೂ ಒಬ್ಬರೇ ಮುತ್ತಜ್ಜನ ತಂದೆ ಅಥವಾ ತಾಯಿ ಇದ್ದರೆಂದು ಅರ್ಥ. ಬೇರೆ ಯಾವ ಕಾಗದವೂ ಹೇಳದ ಎರಡು ಮನೆಗಳ ನೆಂಟಸ್ತಿಕೆಯನ್ನು ಆ ಒಂದು ಸಾಲು ಹೇಳುತ್ತದೆ. ಮತ್ತೆ 1908ರ ಈಸ್ಟರ್‌ನಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆದೇಶದ ಪ್ರಕಾರ, ಮದುವೆ ಎಲ್ಲೇ ಆಗಲಿ, ಅದನ್ನು ಹುಟ್ಟೂರಿನ ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯಬೇಕು. ಹಾಗಾಗಿ ಅಂಚನ್ನು ಓದಿದರೆ ಆ ಹುಡುಗಿ ಯಾವ ಊರಿಗೆ, ಯಾರ ಮನೆಗೆ ಹೋದಳೆಂದು ತಿಳಿಯುತ್ತದೆ. ಪ್ರಮಾಣಪತ್ರದಲ್ಲಿ ಇದೂ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬಿಟ್ಟುಹೋಗುತ್ತದೆ. ನನ್ನದರಲ್ಲಿ ಬಿಟ್ಟುಹೋಗಿತ್ತು.

ಪುಟ ತೋರಿಸಲು ಧರ್ಮಗುರುಗಳು ಯಾಕೆ ಹಿಂಜರಿಯುತ್ತಾರೆ ಎಂಬುದನ್ನು ನಾನು ನಿಧಾನವಾಗಿ ಅರ್ಥಮಾಡಿಕೊಂಡೆ. ಒಂದು ಪುಟದಲ್ಲಿ ನಾನು ಹುಡುಕುವವರೊಬ್ಬರೇ ಇರುವುದಿಲ್ಲ, ನೆರೆಮನೆಯವರೂ ಇರುತ್ತಾರೆ. ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ನಮೂದು ಇರುತ್ತದೆ. ದತ್ತು ತೆಗೆದುಕೊಂಡ ವಿಷಯ ಇರುತ್ತದೆ. ಆಸ್ತಿಯ ಪಾಲಿನ ವ್ಯಾಜ್ಯದಲ್ಲಿ ಇದೇ ಪುಟ ನ್ಯಾಯಾಲಯಕ್ಕೆ ಹೋಗಿ ಧರ್ಮಗುರು ಸಾಕ್ಷಿಯಾಗಿ ಅಲೆದದ್ದೂ ಉಂಟು. ಮೇಲಾಗಿ 2008ರ ಏಪ್ರಿಲ್‌ನಲ್ಲಿ ವ್ಯಾಟಿಕನ್‌ನಿಂದ ಜಗತ್ತಿನ ಬಿಷಪರಿಗೆಲ್ಲ ಪತ್ರ ಬಂತು: ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಗೆ ಪುಸ್ತಕಗಳ ಮಾಹಿತಿ ಕೊಡಬೇಡಿ ಎಂದು. ಆ ಸಂಸ್ಥೆಯನ್ನು ನಡೆಸುವ ಮಾರ್ಮನ್ ಸಭೆಯವರು ಸತ್ತವರ ಪರವಾಗಿ ತಮ್ಮ ವಿಧಿಯಲ್ಲಿ ದೀಕ್ಷೆ ನಡೆಸುತ್ತಾರೆ, ಅದಕ್ಕೆ ಈ ಹೆಸರುಗಳು ಬಳಕೆಯಾಗಬಾರದು ಎಂಬುದು ಕಾರಣ. ಆ ಪತ್ರ ಹೇಳಿದ್ದು ಒಂದು ಸಂಸ್ಥೆಗೆ. ಆದರೆ ಕೆಲವು ಕಚೇರಿಗಳಲ್ಲಿ ಅದರ ನೆರಳು ಸ್ವಂತ ಮುತ್ತಜ್ಜಿಯನ್ನು ಹುಡುಕಿಕೊಂಡು ಬಂದ ಮೊಮ್ಮಕ್ಕಳ ಮೇಲೂ ಬಿದ್ದಿದೆ.

ಈ ಕಾರಣಗಳಲ್ಲಿ ಒಂದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಹೇಳಲೇಬೇಕಾದದ್ದು ಇದೆ. ಧರ್ಮಸಭೆಯ ಸ್ವಂತ ಕಾನೂನು ಬಾಗಿಲು ಮುಚ್ಚಿಲ್ಲ. 1983ರ ಸಂಹಿತೆಯ 487ನೆಯ ವಿಧಿ ತಮ್ಮ ವೈಯಕ್ತಿಕ ಸ್ಥಿತಿಗೆ ಸಂಬಂಧಿಸಿದ ದಾಖಲೆಯ ಅಧಿಕೃತ ಪ್ರತಿ ಪಡೆಯುವ ಹಕ್ಕನ್ನು ಸಂಬಂಧಪಟ್ಟವರಿಗೆ ಕೊಡುತ್ತದೆ. 535ನೆಯ ವಿಧಿ ಹಳೆಯ ಪುಸ್ತಕಗಳನ್ನೂ ಎಚ್ಚರದಿಂದ ಕಾಪಾಡಬೇಕೆನ್ನುತ್ತದೆ. 491ನೆಯದು ಇನ್ನೂ ಸ್ಪಷ್ಟ: ಧರ್ಮಪ್ರಾಂತ್ಯದಲ್ಲಿ ಐತಿಹಾಸಿಕ ಪತ್ರಾಗಾರ ಇರಬೇಕು, ಅಲ್ಲಿನ ದಾಖಲೆ ನೋಡುವ ನಿಯಮವನ್ನು ಬಿಷಪರು ರೂಪಿಸಬೇಕು. ತೊಡಕು ಇರುವುದು ಇಲ್ಲೇ. ಬದುಕಿರುವವನಿಗೆ ಹಕ್ಕಿದೆ, ಸತ್ತವನು ಅರ್ಜಿ ಹಾಕಲಾರ. ಅವನ ಮೊಮ್ಮಗಳು ಸಂಬಂಧಪಟ್ಟವಳೇ ಅಲ್ಲವೇ ಎಂಬುದಕ್ಕೆ ಬರೆದಿಟ್ಟ ಉತ್ತರ ಕೈಗೆ ಸಿಗದಿದ್ದಾಗ, ಎಲ್ಲವೂ ಆ ದಿನ ಆ ಮೇಜಿನ ಹಿಂದೆ ಕೂತವರ ಮನಸ್ಸಿನ ಮೇಲೆ ನಿಲ್ಲುತ್ತದೆ. ಒಂದು ಇಗರ್ಜಿಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ, ಮೂರು ಮೈಲಿ ಆಚೆ ಹೊಸ್ತಿಲು ದಾಟಲು ಬಿಡುವುದಿಲ್ಲ. ನೂರು ವರ್ಷಕ್ಕಿಂತ ಹಳೆಯ ಜ್ಞಾನಸ್ನಾನದ ಪುಟವನ್ನು ಗುರುತಿನ ಚೀಟಿ ತೋರಿಸಿ, ಯಾರಾದರೂ ಪಕ್ಕದಲ್ಲಿ ಕೂತಿರುವಾಗ ಓದಬಹುದು ಎಂಬ ಒಂದು ಸಾಲಿನ ನಿಯಮ ಎಲ್ಲ ಕಡೆ ಇದ್ದರೆ ಧರ್ಮಗುರುಗಳಿಗೂ ನಿರಾಳ, ನಮಗೂ ನಿರಾಳ.

ಐರ್ಲೆಂಡಿನವರು ಇದನ್ನು ಮಾಡಿ ತೋರಿಸಿದ್ದಾರೆ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಸರ್ಕಾರಿ ದಾಖಲೆಗಳ ಕಟ್ಟಡ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗವೂ, ಅಲ್ಲಿ ಒಪ್ಪಿಸಿದ್ದ ಪ್ರಾಟೆಸ್ಟೆಂಟ್ ಇಗರ್ಜಿಗಳ ಪುಸ್ತಕಗಳೂ ಬೂದಿಯಾದವು. ಹಳ್ಳಿಗಳಲ್ಲೇ ಉಳಿದಿದ್ದ ಕ್ಯಾಥೊಲಿಕ್ ಪುಸ್ತಕಗಳು ಬದುಕಿದವು. ಅವುಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 1950ರ ದಶಕದಿಂದ ಮೈಕ್ರೋಫಿಲ್ಮ್ ಮಾಡುತ್ತಾ ಬಂತು. ಕೆಲವು ಧರ್ಮಪ್ರಾಂತ್ಯಗಳ ಸುರುಳಿ ನೋಡಲು ಬಿಷಪರ ಪತ್ರ ಬೇಕಾಗಿದ್ದ ಕಾಲವೂ ಇತ್ತು. 2015ರ ಜುಲೈಯಲ್ಲಿ ಸುಮಾರು 1880ರವರೆಗಿನ 3,70,000ಕ್ಕೂ ಹೆಚ್ಚು ಪುಟಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಅಂತರಜಾಲದಲ್ಲಿ ತೆರೆದಿಟ್ಟರು. ಕ್ಷಾಮದ ಕಾಲದಲ್ಲಿ ಹಡಗು ಹತ್ತಿ ಹೋದವರ ಮಕ್ಕಳ ಮಕ್ಕಳು ಅಮೆರಿಕದಲ್ಲಿ ಕೂತು ಆ ಪುಟ ತೆರೆಯಬಹುದು. ಮುಂಬಯಿಗೆ, ಕೊಲ್ಲಿಗೆ, ಕೆನಡಕ್ಕೆ ಹೋದ ನಮ್ಮವರ ಮಕ್ಕಳಿಗೆ ಆ ಭಾಗ್ಯ ಯಾಕೆ ಬೇಡ?

ಕಾಯುವುದಕ್ಕೆ ಹೆಚ್ಚು ಕಾಲವಿಲ್ಲ. ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗೆದ್ದಲು, ಬೂಸರು, ಜೊತೆಗೆ ಆ ಕಾಲದ ಕಬ್ಬಿಣದ ಶಾಯಿ. ಅದು ವರ್ಷಗಳು ಕಳೆದಂತೆ ತಾನು ಬರೆದ ಅಕ್ಷರದ ಆಕಾರದಲ್ಲೇ ಕಾಗದವನ್ನು ತಿನ್ನುತ್ತದೆ. ಹರಿದ ಪುಟಕ್ಕೆ ಪ್ರೀತಿಯಿಂದಲೇ ಅಂಟಿಸಿದ ಪಾರದರ್ಶಕ ಟೇಪು ಹಳದಿಯಾಗಿ, ಅಂಟು ಮಾತ್ರ ಉಳಿದು, ಅಕ್ಷರ ಕಿತ್ತು ಬರುವುದನ್ನು ನೋಡಿದ್ದೇನೆ. ಟೇಪು ಹಾಕಬೇಡಿ. ಒಂದು ಒಳ್ಳೆಯ ಕ್ಯಾಮೆರಾ, ಒಣ ಹವೆಯ ಎರಡು ವಾರ, ತಾಳ್ಮೆಯ ಇಬ್ಬರು ಯುವಕರು ಸಾಕು. ಚಿತ್ರ ತೆಗೆದಿಟ್ಟರೆ ಎಲ್ಲರಿಗೂ ತೋರಿಸಲೇಬೇಕೆಂದಿಲ್ಲ. ಮೊದಲು ಅದು ಉಳಿಯಲಿ.

ನನಗೆ ಪುಟ ಸಿಕ್ಕಿದ್ದು ಮರುವರ್ಷ. ಇಗರ್ಜಿಗೆ ಬೇರೆ ಧರ್ಮಗುರು ಬಂದಿದ್ದರು. ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ, “ಹೆಸರು ಎಲ್ಲಿಂದ ಬಂತೆಂದು ನನಗೂ ಕುತೂಹಲ” ಎಂದು ಕಪಾಟಿನ ಬೀಗ ತೆಗೆದರು. ಕೈ ತೊಳೆದು ಒರೆಸಿಕೊಂಡು ಕೂತೆವು. ಪುಟ ಅವರೇ ತಿರುಗಿಸಿದರು.

1908, ಆಗಸ್ಟ್. ಮುತ್ತಜ್ಜಿಯ ನಮೂದು, ಅಂಚಿನಲ್ಲಿ ಬೇರೆ ಶಾಯಿಯಲ್ಲಿ 1927ರ ಮದುವೆ. ಅದರ ಮೇಲಿನ ನಮೂದಿನಲ್ಲೂ ಅದೇ ತಂದೆ, ಅದೇ ತಾಯಿ, ಅದೇ ದಿನ. ‘ದೋಮಿ’ ಎಂದು ಧರ್ಮಗುರುಗಳು ಬೆರಳಿಟ್ಟು ಓದಿದರು. ಮನೆಯಲ್ಲಿ. ‘ಓಬ್ ಪೆರಿಕುಲುಂ ಮೋರ್ತಿಸ್.’ ಪ್ರಾಣಾಪಾಯದ ಕಾರಣ. ಜ್ಞಾನಸ್ನಾನ ಕೊಟ್ಟವರು ಸೂಲಗಿತ್ತಿ. ಪಾದ್ರಿ ಬರುವಷ್ಟು ಹೊತ್ತು ಇಲ್ಲದಾಗ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು; ಆ ಮಳೆಯಲ್ಲಿ, ಹೊಳೆಯಾಚೆಯ ಆ ಮನೆಯಲ್ಲಿ ಆ ಹೆಂಗಸು ಕೊಟ್ಟಿದ್ದಳು. ಅಂಚಿನಲ್ಲಿ ಒಂದು ಪುಟ್ಟ ಶಿಲುಬೆ, ಪಕ್ಕದಲ್ಲಿ ‘ಓಬಿಯಿತ್’, ತೀರಿಕೊಂಡಿತು. ಮಗುವಿನ ಹೆಸರಿನ ಜಾಗದಲ್ಲಿ ನನ್ನ ಅಜ್ಜಿಯ ಹೆಸರಿತ್ತು.

ಮುತ್ತಜ್ಜಿ ಅವಳಿಯಲ್ಲಿ ಉಳಿದವರು. ಉಳಿಯದ ಅಕ್ಕನ ಹೆಸರನ್ನು ತಮ್ಮ ಹಿರಿಯ ಮಗಳಿಗೆ, ಮನೆತನದ ರೂಢಿ ಮುರಿದು ಇಟ್ಟಿದ್ದರು. ಈ ನಮೂದಿಗೆ ಪ್ರಮಾಣಪತ್ರ ಕೇಳುವವರು ಯಾರೂ ಇರಲಿಲ್ಲ, ಹಾಗೊಂದು ಮಗು ಇತ್ತೆಂದೇ ಯಾರಿಗೂ ಗೊತ್ತಿರಲಿಲ್ಲ. ನೂರು ಸಲ ಅರ್ಜಿ ಹಾಕಿದರೂ ಮುತ್ತಜ್ಜಿಯ ಏಳು ಸಾಲುಗಳಲ್ಲಿ ಅವಳು ಬರುತ್ತಿರಲಿಲ್ಲ.

ಅಕ್ಟೋಬರ್ ಕೊನೆಯ ವಾರ ದೊಡ್ಡಮ್ಮನ ಮನೆಗೆ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. “ನಮ್ಮ ಅಜ್ಜಿ, ನಿನ್ನ ಮುತ್ತಜ್ಜಿ, ಒಂದು ದಿನವೂ ಬಾಯಿ ಬಿಡಲಿಲ್ಲ ನೋಡು” ಎಂದರು. ಮೇಜಿನ ಮೇಲೆ ನವೆಂಬರ್ 2ರ ಪಟ್ಟಿಯಿತ್ತು. ಸತ್ತವರ ಸ್ಮರಣೆಯ ದಿನದ ಪೂಜೆಗೆ ಮನೆಯ ಹಿರಿಯರ ಹೆಸರುಗಳನ್ನು ಅವರು ಪ್ರತಿ ವರ್ಷ ತಮ್ಮ ಕೈಯಿಂದಲೇ ಬರೆದು ಕೊಡುತ್ತಾರೆ. ತಮ್ಮ ತಾಯಿಯ ಹೆಸರನ್ನು ಆಗಲೇ ಬರೆದಿದ್ದರು. ಪೆನ್ನು ತೆಗೆದುಕೊಂಡು ಕೆಳಗೆ ಅದೇ ಹೆಸರನ್ನು ಇನ್ನೊಮ್ಮೆ ಬರೆದರು. ಎರಡು ಸಲ ಬಂದಿದೆ, ತಪ್ಪಾಗಿರಬೇಕು ಎಂದು ಓದುವವರು ಒಂದನ್ನು ಬಿಟ್ಟುಬಿಟ್ಟಾರು ಎಂದು, ಎರಡನೆಯದರ ಪಕ್ಕದಲ್ಲಿ ‘ಮಗು’ ಎಂದು ಸೇರಿಸಿದರು.